ಕೊಳದ ನಡುವಿನ ಆಳ

"ಈ ಕೊಳದಲ್ಲಿ ಎಷ್ಟು ನೀರಿದೆ ಅಂತ ಲೆಕ್ಕ ಹಾಕಿದ್ರಿ ನೀವು?!"

ಪಂಪ್ ಕೋಣೆಯ ಬಾಗಿಲಲ್ಲಿ ಈಜು ಮಾಸ್ತರು ನಿಂತಿದ್ದ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ಕೆಂಡ!

ಕೊಳದ ನೀರು ನೋಡಿಕೊಳ್ಳುವ ಹುಡುಗಿ ಕೈಲಿದ್ದ ಡಬ್ಬಿ ಕೆಳಗಿಟ್ಟಳು. ರಿಪೇರಿ ಮುಗಿದು ಕೊಳ ತುಂಬಿದ್ದು ನಿನ್ನೆ. ಇಡೀ ಕೊಳಕ್ಕೆ ಅಳತೆ ನೋಡಿ ಅವಳು ಕ್ಲೋರಿನ್ ಹಾಕಿದ್ದು ಇದೇ ಮೊದಲು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ಉದ್ದ, ಅಗಲ ಅಳೆದೆ. ಆ ತುದಿ ಒಂದು ಮೀಟರ್ ಆಳ, ಈ ತುದಿ ಮೂರು. ಸರಾಸರಿ ಎರಡು..."

"ನಡುವೆ ಅಳೆದ್ರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ದುರ್ದಾನ ತೆಗೆದುಕೊಂಡವನ ಹಾಗೆ ಕೊಳದ ಯಜಮಾನರ ಕೋಣೆಗೆ ನಡೆದುಬಿಟ್ಟ.

ಚಾಡಿ ಹೇಳೋಕೆ! ರಿಪೇರಿಗೆ ಮುಂಚೆ ದಿನಾ ಬೆಳಿಗ್ಗೆ, "ಇವತ್ತು ನೀರು ಹೇಗಿದೆ ಮೇಡಂ?" ಅಂತ ಬಂದು ನಿಲ್ಲುತ್ತಿದ್ದದ್ದು ತಪ್ಪು ಹುಡುಕೋಕೇ ಇರಬೇಕು... ಆ ಪ್ರಶ್ನೆಗಾಗಿ ತಾನೇ ಕಾಯುತ್ತಿದ್ದುದು ನೆನಪಾಗಿ ಅವಳಿಗೆ ಅಳುವೇ ಬಂತು.

ಚೀಲ ಹೆಗಲಿಗೇರಿಸುವಷ್ಟರಲ್ಲಿ ಯಜಮಾನರೇ ಬಂದರು. ಹಿಂದೆ ಅವನು.

"ಎಲ್ಲಿಗಮ್ಮಾ? ನಡುವೆ ಅಳೀಬೇಕು ಅಂತ ನಿನಗೆ ಹೇಳೋದನ್ನ ಇವನೇ ಮರೆತನಂತೆ."

ಅವಳು ಬೆಚ್ಚಿದಳು. "ಇಲ್ಲ ಸರ್... ತಪ್ಪು ನಂದೇ."

"ತಪ್ಪಿಗೂ ಜಗಳವಾ ನಿಮ್ದು? ಹೋಗಿ ಅಳೀರಿ! ಸಂಜೆಯೊಳಗೆ ಮಕ್ಕಳು ನೀರಿಗಿಳೀಬೇಕು. ಇಲ್ಲಾಂದ್ರೆ ನಿನ್ನ ಕೆಲಸದ ಮಾತು ಮರೆತುಬಿಡು."

ತುದಿಗೆ ಕಲ್ಲು ಕಟ್ಟಿದ ಹಗ್ಗವನ್ನು ಅವನು ಆಳ ಕಡಿಮೆಯಿದ್ದ ತುದಿಯಿಂದ ಮೀಟರಿಗೊಮ್ಮೆ ಇಳಿಬಿಟ್ಟ.

"ಒಂದು... ಇಲ್ಲೂ ಒಂದು... ಇನ್ನೂ ಒಂದೇ!"

ಅರ್ಧ ಕೊಳದ ತನಕ ತಳ ಚಪ್ಪಟೆ. ಇಳಿಜಾರು ಶುರುವಾಗುವುದೇ ಆಮೇಲೆ. ಸರಾಸರಿ ಎರಡಲ್ಲ, ಒಂದೂವರೆ!

"ಅಯ್ಯೋ... ನನ್ನ ಲೆಕ್ಕದ ಮುಕ್ಕಾಲು ಪಾಲೇ ನೀರಿರೋದು. ನಾನು ಪೂರ್ತಿಗೆ ಕ್ಲೋರಿನ್ ಸುರಿದಿದೀನಿ."

ಒಂದಿಷ್ಟು ನೀರು ಹೊರಬಿಟ್ಟು ಹೊಸ ನೀರು ತುಂಬಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಪರೀಕ್ಷೆಯ ಸೀಸೆಯಲ್ಲಿ ಬಣ್ಣ ಸರಿಯಾಗಿ ಬಂದಾಗಲೇ ಅವಳು ಉಸಿರುಬಿಟ್ಟದ್ದು. ಮಕ್ಕಳು ಧುಮುಕಿದರು. ಯಜಮಾನರು ದೂರದಿಂದಲೇ ತಲೆಯಾಡಿಸಿ ಹೋದರು.

"ಕ್ಲೋರಿನ್‌ಗೆ ಕಣ್ಣು ಇನ್ನೂ ಉರೀತಿದೆಯಾ?" ಅವಳು ಅವನನ್ನು ಕೇಳಿದಳು.

"ಪರವಾಗಿಲ್ಲ. ಮಕ್ಕಳಿಗಿಂತ ಮೊದಲು ನಾನೇ ಇಳಿಯೋದು, ಯಾವತ್ತೂ."

"ಹಾಗಿದ್ರೆ ನೀರು ಹೇಗಿದೆ ಅಂತ ನಿಮಗೇ ಗೊತ್ತಿರುತ್ತಲ್ಲ! ದಿನಾ ನನ್ನ ಯಾಕೆ ಕೇಳೋದು?"

ಅವನು ಹಗ್ಗ ಸುತ್ತುತ್ತಾ ತಡವರಿಸಿದ. "ನಿಮ್ಮನ್ನ ಮಾತಾಡಿಸೋಕೆ... ಬೇರೆ ನೆಪ ಹೊಳೀಲಿಲ್ಲ."

ಅವಳು ಅವನ ಕೆಂಪು ಕಣ್ಣನ್ನೇ ನೋಡಿದಳು.

"ನಾಳೆಯಿಂದ ನೀರಿನ ವಿಷಯ ಬಿಡಿ," ಅಂದಳು ಮೆಲ್ಲಗೆ. "ನಾನು ಹೇಗಿದೀನಿ ಅಂತ ಕೇಳಿ."

"ನಾಳೆ ತನಕ ಯಾಕೆ? ಹೇಗಿದೀರಿ?"

"ಈಗ... ಚೆನ್ನಾಗಿದೀನಿ."