ಸಸ್ಮಿತಾಳ ಡೊಂಗಾ

"ಏನು ತರ್ತಿ? ಇನ್ನೊಮ್ಮೆ ಹೇಳು," ಗಂಗಾಂಬಿಕಾ ಪೆನ್ನು ಹಿಡಿದು ಕೇಳಿದಳು.

"ಡೊಂಗಾ," ಎಂದಳು ಸಸ್ಮಿತಾ.

ಐದನೇ ಕ್ಲಾಸಿನವರೆಲ್ಲ ಅವಳ ಕಡೆ ತಿರುಗಿದರು. ಆಮೇಲೆ ಮೌನೇಶ್ ಬೆಂಚು ಬಡಿದು ನಗತೊಡಗಿದ.

"ಲೇ, ದೊಂಗ ಅಂದ್ರ ತೆಲುಗಿನ್ಯಾಗ ಕಳ್ಳ! ನೀರಿನ ಹಬ್ಬಕ್ಕ ಈಕಿ ಕಳ್ಳನ್ನ ಕರ್ಕೊಂಡ್ ಬರ್ತಾಳಂತ!"

ಯಶವಂತನಗರದ ಆ ಶಾಲೆಯಲ್ಲಿ ಮರುದಿನ ನೀರಿನ ಹಬ್ಬ. ಗಣಿ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದವರ ಮಕ್ಕಳು ಅಲ್ಲಿ ಓದುತ್ತಿದ್ದರು. "ನಿಮ್ಮ ಮನ್ಯಾಗ ನೀರಿಗೆ ಏನೇನು ಮಾಡ್ತೀರಿ, ಅದನ್ನ ತೋರಸ್ರಿ," ಎಂದು ಸುಮಂಗಲಾ ಟೀಚರ್ ಹೇಳಿದ್ದರು. ಗಂಗಾಂಬಿಕಾಳನ್ನು ಲೀಡರ್ ಮಾಡಿದ್ದರು. ಲೀಡರ್ ಆದ ಮೇಲೆ ಅವಳಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ.

ಸಸ್ಮಿತಾ ಒಡಿಶಾದಿಂದ ಬಂದು ಮೂರೇ ತಿಂಗಳಾಗಿತ್ತು. ಕನ್ನಡ ಸಾಲದೆ ಅವಳು ಎರಡೂ ಕೈ ಜೋಡಿಸಿ ಮೆಲ್ಲಗೆ ಅತ್ತಿತ್ತ ತೂಗಿಸಿದಳು.

"ನೋಡ್ರಿ, ಕಳ್ಳ ಮೆಲ್ಲಕ ಹೋಗೂದು!" ಎಂದಳು ಗಂಗಾಂಬಿಕಾ. "ನೀರು ಕದಿಯೋ ಕಳ್ಳ. ಮಸ್ತ್ ಐಡಿಯಾ!"

'ಸಸ್ಮಿತಾ: ನೀರುಗಳ್ಳನ ನಾಟಕ' ಎಂದು ಬರೆದೇಬಿಟ್ಟಳು. ಕಳ್ಳ ಇದ್ದ ಮೇಲೆ ಪೊಲೀಸ್ ಬೇಕಲ್ಲ? ಮೌನೇಶ್ ಪೊಲೀಸ್ ಆದ.

ಮರುದಿನ ಶಾಲೆಯ ಅಂಗಳದ ನಡುವೆ ನೀರು ತುಂಬಿದ ದೊಡ್ಡ ಟಬ್ ಇಟ್ಟರು. ಮೊದಲು ಗಂಗಾಂಬಿಕಾ ಕೊಡಕ್ಕೆ ಅರಿಶಿನ, ಕುಂಕುಮ ಹಚ್ಚಿ ಗಂಗಿ ಪೂಜೆ ಮಾಡಿದಳು. ಆಮೇಲೆ ತಿಪ್ಪೇಶನ ಸರದಿ. ಅವನ ಮನೆಯವರು ಬುದ್ಧ ಪೂರ್ಣಿಮೆಗೆ ಅರಳಿ ಮರಕ್ಕೆ ನೀರು ಹಾಕುತ್ತಾರೆ. ಮರ ತರಲಾಗದೆ ತಿಪ್ಪೇಶನೇ ಮೈತುಂಬ ಅರಳಿ ಎಲೆ ಸಿಕ್ಕಿಸಿಕೊಂಡು ನಿಂತಿದ್ದ. ಒಂದನೇ ಕ್ಲಾಸಿನ ಚಿಕ್ಕವರು ಸಾಲಾಗಿ ಬಂದು ಒಂದೊಂದು ಚೆಂಬು ಸುರಿದರು. ಹನ್ನೆರಡನೇ ಚೆಂಬಿಗೆ ಮರ ಸೀನಿತು.

"ಮರ ಸೀನಬಾರ್ದಲೇ!" ಗಂಗಾಂಬಿಕಾ ಮೈಕಿನಲ್ಲೇ ಗದರಿದಳು. "ಈಗ ನೀರುಗಳ್ಳನ ನಾಟಕ!"

ಸಸ್ಮಿತಾ ಸ್ಟೀಲ್ ತಟ್ಟೆ ಹಿಡಿದು ಬಂದಳು. ಅದರಲ್ಲಿ ಬಾಳೆ ದಿಂಡಿನ ಪಟ್ಟೆಯಿಂದ ಮಾಡಿದ ಐದು ಪುಟ್ಟ ವಸ್ತುಗಳು. ಒಂದೊಂದರಲ್ಲೂ ವೀಳ್ಯದೆಲೆ, ಅಡಿಕೆ, ಹೂವು. ಅವಳು ಬಗ್ಗಿ ಒಂದನ್ನು ನೀರಿಗೆ ಬಿಟ್ಟಳು. ಅಷ್ಟರಲ್ಲಿ,

"ಹ್ಯಾಂಡ್ಸ್ ಅಪ್!"

ಮೌನೇಶ್ ಬೇವಿನ ಮರದ ಹಿಂದಿನಿಂದ ಹಾರಿ ಬಂದ. ಕಾಲಲ್ಲಿ ಅಪ್ಪನ ಗಣಿ ಬೂಟು. ಬೆಚ್ಚಿಬಿದ್ದ ಸಸ್ಮಿತಾಳ ಕೈಯಿಂದ ತಟ್ಟೆ ಜಾರಿತು. ಅದರಲ್ಲಿದ್ದ ನಾಲ್ಕರಲ್ಲಿ ಎರಡು ಅವನ ಬೂಟಿನಡಿ ಸಿಕ್ಕಿ ಅಪ್ಪಚ್ಚಿಯಾದವು.

ಮಕ್ಕಳೆಲ್ಲ ಹೊಟ್ಟೆ ಹಿಡಿದು ನಕ್ಕರು. ಸಸ್ಮಿತಾ ಮಾತ್ರ ನಗಲಿಲ್ಲ. ಚೂರುಗಳನ್ನು ಆರಿಸಿಕೊಂಡು ನೀರಿನ ಟ್ಯಾಂಕಿನ ಹಿಂದೆ ಹೋಗಿ ಕುಳಿತಳು.

ಗಂಗಾಂಬಿಕಾ ಟಬ್ ಕಡೆ ನೋಡಿದಳು. ಸಸ್ಮಿತಾ ಬಿಟ್ಟಿದ್ದು ನೀರಿನ ಮೇಲೆ ಮೆಲ್ಲಗೆ ಅತ್ತಿತ್ತ ತೂಗುತ್ತಿತ್ತು.

"ಅಯ್ಯೋ, ದೋಣಿ!" ಎಂದಳು. ಮೈಕು ಆನ್ ಇತ್ತು. ಇಡೀ ಶಾಲೆಗೆ ಕೇಳಿಸಿತು.

ಅವಳು ಟ್ಯಾಂಕಿನ ಹಿಂದೆ ಓಡಿದಳು. "ಡೊಂಗಾ ಅಂದ್ರ ದೋಣಿ ಏನು?"

ಸಸ್ಮಿತಾ ತಲೆ ಎತ್ತದೆ ಹೂಂ ಎಂದಳು. "ಮಾ... ಅಮ್ಮ, ನಾನು... ಇಬ್ಬರು ಮಾಡಿದ್ದು."

"ನಿನ್ನ ಕೇಳದನ ಬರಕೊಂಡೆ. ತಪ್ಪಾತು," ಎಂದಳು ಗಂಗಾಂಬಿಕಾ. "ಇನ್ನೂ ಮೂರು ದೋಣಿ ಚೊಲೊ ಅದಾವ. ನಾವೂ ಕಾಗದದ್ದು ಮಾಡ್ತೀವಿ. ಬರ್ತೀಯಾ?"

ಮೌನೇಶ್ ಬೂಟು ಕಳಚಿಟ್ಟು, ತನ್ನ ಡ್ರಾಯಿಂಗ್ ಬುಕ್ಕಿನ ಹಾಳೆ ಹರಿಯತೊಡಗಿದ್ದ. ಅವನನ್ನು ನೋಡಿ ಸಸ್ಮಿತಾ ಎದ್ದು ಬಂದಳು. ಸ್ವಲ್ಪ ಹೊತ್ತಿಗೆ ಟಬ್ ತುಂಬ ದೋಣಿಗಳೇ. ಒದ್ದೆ ತಿಪ್ಪೇಶ್ ತನ್ನ ಮೈಮೇಲಿನ ಅರಳಿ ಎಲೆಗಳನ್ನೇ ಕಿತ್ತು ತೇಲಿಬಿಟ್ಟ.

"ನಮ್ಮೂರು... ಕಾರ್ತಿಕ ಹುಣ್ಣಿಮೆ," ಎಂದಳು ಸಸ್ಮಿತಾ. "ಬೆಳಗ್ಗೆ ಎಲ್ಲಾರೂ ಡೊಂಗಾ ಬಿಡೋದು. ನಯಿ ಮೇಲೆ."

"ನಾಯಿ ಮ್ಯಾಲ?" ಮೌನೇಶನ ಕಣ್ಣು ದೊಡ್ಡವಾದವು. "ನಾಯಿ ಮ್ಯಾಲ ಹೆಂಗ ದೋಣಿ ಬಿಡ್ತಾರ?"

ಮತ್ತೆ ನಗು ಎದ್ದಿತು.

"ನಾಯಿ ಅಲ್ಲಲೇ, ಅದು..." ಗಂಗಾಂಬಿಕಾ ಬಾಯಿ ತೆರೆದವಳು ಹಾಗೇ ನಿಂತಳು. ಮೈಕನ್ನು ಪಕ್ಕಕ್ಕಿಟ್ಟು ಸಸ್ಮಿತಾಳ ಎದುರು ಕುಕ್ಕರಗಾಲಲ್ಲಿ ಕುಳಿತಳು.

"ಹಂಗಂದ್ರ ಏನು? ನೀನ ತೋರಸು."

ಸಸ್ಮಿತಾ ಬೆರಳನ್ನು ನೀರಲ್ಲಿ ಅದ್ದಿ ನೆಲದ ಮೇಲೆ ಗೆರೆ ಎಳೆಯತೊಡಗಿದಳು. ಗೆರೆ ಬಳುಕಿತು, ಬಾಗಿತು, ಟಬ್ಬನ್ನು ಸುತ್ತಿಕೊಂಡು ಗಂಗಾಂಬಿಕಾಳ ಪಾದದವರೆಗೂ ಬಂತು.

ಗಂಗಾಂಬಿಕಾ ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದು, ನದಿಗೆ ದಾರಿ ಬಿಟ್ಟಳು.