ಗಜೇಂದ್ರಗಡಕ್ಕೆ ಹೋದ ನಗು

"ಫೋಟೋದಾಗ ಕೈಯಾಗ ಏನ್ ಹಿಡಕೋತೀರಿ?" ಎಂದು ಕೇಳುವಾಗ ಹೊಳಿಯಪ್ಪ ಕಲ್ಲವ್ವನ ಮುಖ ನೋಡಲಿಲ್ಲ. ನೋಡಿದ್ದರೆ ಮುಂದಿನ ಮಾತು ಮರೆತೇಹೋಗುತ್ತಿತ್ತು.

ನರಗುಂದದ ಹೈಸ್ಕೂಲಿನಲ್ಲಿ ಆ ವರ್ಷ ಮ್ಯಾಟ್ರಿಕ್ ಮುಗಿಸುವವರಿಗೆಲ್ಲ ಒಬ್ಬೊಬ್ಬರದೇ ಫೋಟೋ ತೆಗೆಸುವುದೆಂದು ಠರಾವಾಗಿತ್ತು. ತೆಗೆಯುವ ಕೆಲಸ ಹೊಳಿಯಪ್ಪನದು. ಅವನು ಕೂಲಿ ಮನೆತನದವನು. ಹುಬ್ಬಳ್ಳಿಯಲ್ಲಿ ಕ್ಯಾಮೆರಾ ಕಲಿತು ಬಂದು ಬಜಾರದಲ್ಲಿ ಸ್ಟುಡಿಯೋ ಇಟ್ಟಿದ್ದ. ಯಾರ ಸ್ವಭಾವ ಹೇಗೋ ಫೋಟೋ ಹಾಗೇ ಇರಬೇಕೆಂಬುದು ಅವನ ಹಟ. ಕುಸ್ತಿಯ ಅಂದಾನೆಪ್ಪನಿಗೆ ಗದೆ, ಹಾಡುವ ಹೂವಪ್ಪನಿಗೆ ಹಾರ್ಮೋನಿಯಂ ಎಂದು ಆಗಲೇ ನಿಶ್ಚಯವಾಗಿತ್ತು. ಉಳಿದವಳು ಕಾಳಿನ ವ್ಯಾಪಾರಿ ಗುರುಸಂಗಪ್ಪನ ಮಗಳು, ತಡವಾಗಿ ಶಾಲೆ ಸೇರಿದ ಹತ್ತೊಂಬತ್ತರ ಕಲ್ಲವ್ವ.

"ಏನೂ ಬ್ಯಾಡ್ರಿ. ನಾ ನಗೂದನ್ನ ತಗೀರಿ."

"ಹಲ್ಲು ಕಾಣತಾವು."

"ಕಾಣ್ಲಿ. ಎಲ್ಲಾ ನನ್ನವ ಅದಾವ, ಕಡಾ ತಂದಿಲ್ಲ."

ಹೊಳಿಯಪ್ಪ ನಕ್ಕ. ಅವಳ ಮುಖ ಮಾತ್ರ ಬಾಡಿತು.

"ಅಪ್ಪ ಇದ ಫೋಟೋನ ಗಜೇಂದ್ರಗಡದ ವರನ ಮನಿಗೆ ಕಳಸ್ತಾನಂತ. ಹಲ್ಲು ಬಿಟ್ಟ ಹುಡುಗೀನ ಯಾರ ಒಪ್ತಾರ? ಒಪ್ಪದಿದ್ರ ಧಾರವಾಡಕ್ಕ ಕಾಲೇಜಿಗೆ ಹೋಗ್ತೀನಿ. ಆಮ್ಯಾಲ..."

ಅವಳು ಅಲ್ಲಿಗೇ ನಿಲ್ಲಿಸಿದಳು. ವರನಿಗೆ ತೋರಿಸುವ ಫೋಟೋಕ್ಕೆ ಒಂದು ಪದ್ಧತಿಯಿತ್ತು: ತಲೆತುಂಬ ಸೆರಗು, ಬಿಗಿದ ಬಾಯಿ, ನೆಲದ ಮೇಲೆ ಕಣ್ಣು. ಅದನ್ನು ಮುರಿದರೆ ತಮಗಿಬ್ಬರಿಗೂ ಒಂದಿಷ್ಟು ವೇಳೆ ಸಿಗುತ್ತದೆ ಎಂದು ಹೊಳಿಯಪ್ಪನಿಗೆ ಆಸೆ ಹುಟ್ಟಿತು. ಜಾತಿ, ಮನೆತನ ಎಲ್ಲ ಅಡ್ಡ ನಿಂತಿದ್ದವು. ಆಸೆಗೆ ಅದೆಲ್ಲಿ ತಿಳಿಯಬೇಕು?

ಫೋಟೋದ ದಿನ ಮೋಡ ಕವಿದಿತ್ತು. ಕಲ್ಲವ್ವನ ತಾಯಿ ಸಿದ್ದಲಿಂಗವ್ವ ಸ್ಟುಡಿಯೋದ ಬಾಗಿಲಲ್ಲೇ ಕುಳಿತಿದ್ದಳು. ಹೊಳಿಯಪ್ಪ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿದ, ಮತ್ತೆ ಹೊರಗೆ ತೆಗೆದ. ಕೂದಲೆಲ್ಲ ಕೆದರಿತ್ತು.

"ಯಾಕ ಹಂಗ ನೋಡ್ತೀರಿ?"

"ಒಳಗ ನೀವು ತಲಿಕೆಳಗ ಕಾಣ್ತೀರಿ. ಒಮ್ಮೆ ಸೀದಾ ನೋಡೂಣಂತ."

ಕಲ್ಲವ್ವ ಕಣ್ಣು ಕಿರಿದಾಗುವಷ್ಟು ನಕ್ಕಳು. ಅವನು ಆ ಗಳಿಗೆಯನ್ನೇ ಹಿಡಿದ.

ಫೋಟೋ ನೋಡಿ ಗುರುಸಂಗಪ್ಪ ಕೆಂಡವಾದ. ಆದರೆ ಸಂಬಂಧ ತಂದವನು ಅದೇ ಸಂಜೆ ಗಜೇಂದ್ರಗಡಕ್ಕೆ ಹೊರಟಿದ್ದ. ಬೇರೆ ತೆಗೆಸಲು ವೇಳೆಯಿರಲಿಲ್ಲ, ಅದನ್ನೇ ಕೊಟ್ಟು ಕಳಿಸಿದರು.

ಮುಂದಿನ ಸಂತೆಗೆ ಕಲ್ಲವ್ವ ಸ್ಟುಡಿಯೋಕ್ಕೆ ಬಂದಳು. ತಾಯಿ ಹೊರಗೆ ಬಳೆ ಮಾರುವ ಕಾಶೀಂಬಿಯ ಹತ್ತಿರ ಬಳೆ ಆರಿಸುತ್ತಿದ್ದಳು, ಹಸಿರು ಬಳೆ.

"ಒಪ್ಯಾರ," ಎಂದಳು ಕಲ್ಲವ್ವ.

"ಆ ಫೋಟೋ ನೋಡಿ?"

"ಅದನ್ನ ನೋಡೇ ಒಪ್ಯಾರ. ಅಂವ ಅದನ್ನ ಕಿಸೇದಾಗ ಇಟಗೊಂಡು ಅಡ್ಡಾಡ್ತಾನಂತ."

ಹೊಳಿಯಪ್ಪ ಕ್ಯಾಮೆರಾದ ಮೇಲೆ ಕರಿ ಬಟ್ಟೆ ಎಳೆದ. "ಕೆಟ್ಟದಾಗಿ ತಗೀಬೇಕಿತ್ತು ನಾ. ಕೈ ಬರಲಿಲ್ಲ. ನೀ ಅಂದ್ರ ನನಗ ಜೀವ, ಕಲ್ಲವ್ವಾ."

"ಗೊತ್ತೈತಿ."

ಹೊರಗಿನಿಂದ ತಾಯಿ ಕರೆದಳು, ಬಳೆಯ ಅಳತೆ ನೋಡಲು. ಕಲ್ಲವ್ವ ಹೊಸ್ತಿಲ ಮೇಲೆ ನಿಂತು ತಿರುಗಿದಳು.

"ನಾ ನಿನ್ನ ನೋಡಿ ನಕ್ಕಿದ್ದೆ, ಹೊಳಿಯಪ್ಪಾ. ಅಂವ ಪಾಪ, ತನ್ನ ನೋಡೇ ನಕ್ಕೀನಿ ಅಂತ ತಿಳಕೊಂಡಾನ."