ಒಕ್ಕಣ್ಣ

ಹೊಸವರ್ಷದ ಮೊದಲ ತಿಂಗಳು ಮೆಸ್ಕೆರೆಮ್‌ನ ಹತ್ತೊಂಬತ್ತು, ಶನಿವಾರ, ಇಲ್ಲಿನ ಲೆಕ್ಕದಲ್ಲಿ ಹಗಲು ಒಂಬತ್ತು ಗಂಟೆ, ಅಂದರೆ ಮಧ್ಯಾಹ್ನ ಮೂರು. ಅಡಿಸ್ ಅಬಾಬದ ಮ್ಯೂಸಿಯಂನಲ್ಲಿ ಹಳೆಯ ಮತ್ತು ಹೊಸ ಚಿತ್ರಗಳ ಪ್ರದರ್ಶನದ ಬಾಗಿಲು ತೆರೆದಾಗಿನಿಂದ ತ್ರಿಂಗೊ ಒಂದೇ ಕಂಬಕ್ಕೆ ಒರಗಿ ನಿಂತಿದ್ದಳು. ಯಿತ್ಬಾರೆಕ್ ಬರಬೇಕಿತ್ತು. ಬಂದು, ನೋಡಿ, ಉರಿಯಬೇಕಿತ್ತು.

ಬಂದ. ಕೈಯಲ್ಲಿ ಹಬ್ಬದ ಹಳದಿ ಹೂಗಳು.

"ಲೇ, ನಿನ್ನ ಒಕ್ಕಣ್ಣ ಬಂದ ಕಣೇ!" ಎಂದು ಕಾವಲಿನ ಎತಾಗೆಗ್ನ್ ಅಕ್ಕ ಹಾಲ್‌ಗೆಲ್ಲ ಕೇಳುವಂತೆ ಪಿಸುಗುಟ್ಟಿದಳು.

ಗೋಡೆಯ ಮೇಲೆ ಮುನ್ನೂರು ವರ್ಷದ ಹಳೆಯ ಸಂತರು ಎರಡೆರಡು ಅಗಲ ಕಣ್ಣು ಬಿಟ್ಟು ಎದುರಿಗೇ ನೋಡುತ್ತಿದ್ದರು. ಅವರ ಪಕ್ಕದಲ್ಲಿ ತ್ರಿಂಗೊ ಬರೆದ ಕ್ರಿಸ್ತನ ಕೊನೆಯ ಭೋಜನ. ಹನ್ನೊಂದು ಮಂದಿ ಶಿಷ್ಯರಿಗೆ ಎರಡೆರಡು ಕಣ್ಣು. ಹಿಡಿದುಕೊಟ್ಟ ದ್ರೋಹಿ ಮಾತ್ರ ಪಕ್ಕಕ್ಕೆ ತಿರುಗಿದ್ದ, ಅವನಿಗೆ ಒಂದೇ. ಇಲ್ಲಿನ ಚರ್ಚಿನ ಚಿತ್ರಗಳಲ್ಲಿ ಪಾಪಿಗೆ ಎರಡನೆಯ ಕಣ್ಣು ಬರೆಯುವುದಿಲ್ಲ ಎಂದು ಮಕ್ಕಳಿಗೂ ಗೊತ್ತು. ಆ ಮೂಗು, ಆ ದವಡೆ, ರೆಪ್ಪೆಯ ಕೆಳಗಿನ ಮಚ್ಚೆ ಎಲ್ಲವೂ ಯಿತ್ಬಾರೆಕನವೇ.

"ಮಚ್ಚೆ ಕೂಡ ಮರೆತಿಲ್ಲ," ಎಂದ ಅವನು, ಅವಳ ಕಿವಿಯ ಬಳಿ.

"ಶತ್ರುವನ್ನ ಚೆನ್ನಾಗಿ ನೋಡಿಟ್ಕೋಬೇಕು."

"ಬರೀತಾ ಕೈ ನಡುಗಲಿಲ್ವಾ?"

"ಖುಷಿಗೆ ಸ್ವಲ್ಪ ನಡುಗಿತು."

ನಾಲ್ಕು ವರ್ಷದ ಹಿಂದೆ, ಕಲಾಶಾಲೆಯ ಬಹುಮಾನದ ಸಭೆಯಲ್ಲಿ, ಅವಳ ಚಿತ್ರವನ್ನು ಹಳೇ ಚರ್ಚಿನ ನಕಲೆಂದು ಗುರುಗಳು ತಳ್ಳಿಹಾಕಿದ್ದರು. ಪಕ್ಕದಲ್ಲಿ ಕೂತು ಬಣ್ಣ ಅರೆಯುತ್ತ, ಅದರ ಗೆರೆಗೆರೆಯೂ ಹುಟ್ಟಿದ್ದನ್ನು ಕಂಡವನು ಅವನೊಬ್ಬನೇ. ಬಾಯಿ ಬಿಡಲಿಲ್ಲ. ಬಹುಮಾನ ಅವನಿಗೆ ಬಂತು.

"ತಪ್ಪಾಯ್ತು, ತ್ರಿಂಗೊ."

"ನನ್ನ ಕಿವೀಲಿ ಹೇಳಿ ಏನ್ ಬಂತು? ಅವತ್ತು ಸಭೆ ತುಂಬ ಜನ ಇದ್ರು."

ಅವನು ಹೂಗಳನ್ನು ಎತಾಗೆಗ್ನ್ ಅಕ್ಕನ ಕೈಗಿಟ್ಟು ಚಿತ್ರದ ಮುಂದೆ ಹೋಗಿ ನಿಂತ. ಅದೇ ಗುರುಗಳೂ ಗುಂಪಿನಲ್ಲಿದ್ದರು.

"ಈ ಒಕ್ಕಣ್ಣ ನಾನೇ. ನಾಲ್ಕು ವರ್ಷದ ಹಿಂದೆ ನೀವು ನಕಲು ಅಂದ್ರಲ್ಲ, ಗುರುಗಳೇ, ಅದು ಇವಳ ಸ್ವಂತದ್ದು. ನಾನು ಕಣ್ಣಾರೆ ಕಂಡಿದ್ದೆ. ಬಹುಮಾನದ ಆಸೆಗೆ ಬಾಯಿ ಮುಚ್ಕೊಂಡೆ."

ಗುರುಗಳು ತಲೆ ತಗ್ಗಿಸಿ ಹೊರನಡೆದರು. ಸೇಡು ಜೇನಿನಂತಿರುತ್ತದೆ ಎಂದು ತ್ರಿಂಗೊ ಇಷ್ಟು ದಿನ ಅಂದುಕೊಂಡಿದ್ದಳು. ಇದ್ದದ್ದೂ ಹಾಗೆಯೇ.

"ಇನ್ನೊಂದು ಕಣ್ಣು ಬರೀತೀಯಾ?" ಅವನು ಅವಳ ಬಳಿ ಬಂದ. "ನೀನಿಲ್ಲದೆ ನಂಗೆ ಆಗಲ್ಲ ಕಣೇ."

"ಆಸೆ ನೋಡು! ಸೋಮವಾರ ಮ್ಯೂಸಿಯಂಗೆ ರಜ. ಬಾ, ನೋಡೋಣ."

ಸೋಮವಾರ ಅವನು ಚಿತ್ರದ ಪಕ್ಕದ ಸ್ಟೂಲಿನ ಮೇಲೆ ಕೂತ. ಅವಳು ಬೆರಳಿನಿಂದ ಅವನ ಗದ್ದವನ್ನು ಕೂದಲೆಳೆಯಷ್ಟು ತನ್ನ ಕಡೆ ತಿರುಗಿಸಿದಳು. ಬೆರಳು ಅಲ್ಲೇ ಉಳಿಯಿತು.

"ಇಷ್ಟೇನಾ?"

"ಈ ವರ್ಷಕ್ಕೆ ಇಷ್ಟೇ. ಅಲ್ಲಾಡಬೇಡ."

ದ್ರೋಹಿಯ ಮೂಗಿನ ಆಚೆಯಿಂದ, ಕಾಣದ ಕಣ್ಣಿನ ರೆಪ್ಪೆಯ ತುದಿಯೊಂದನ್ನು ಅವಳು ಬರೆದಳು. ಆಮೇಲೆ ಸ್ಕೇಲಿಟ್ಟು ಅಳೆದಳು. ಮೂರು ಮಿಲಿಮೀಟರ್.